ಎಡಗಿವಿಯ ಕೆಳಗಿನ ಗಂಟು

ನನ್ನ ಅಕ್ಕ ಅಜೆಲೀನ್ ಒಮ್ಮೆ ಒಂದು ಕುಪ್ಪಸ ಹೊಲಿದುಕೊಟ್ಟಳು. ಅದರ ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದ. ಹೊಲಿಸಿಕೊಂಡವಳು ನಮ್ಮ ಬಂದರಿನ ಕುಣಿತದ ತಂಡದ ಹುಡುಗಿ. ಕನ್ನಡಿ ಮುಂದೆ ನಿಂತವಳಿಗೆ ಅಳುವುದೊಂದು ಬಾಕಿ.

"ಅಕ್ಕಾ, ಒಂದು ತೋಳು ಉದ್ದ ಆಗೋಗಿದೆ."

"ಆಗಿಲ್ಲ. ಇರೋದೇ ಹಾಗೆ," ಎಂದಳು ಅಜೆಲೀನ್, ಹಲ್ಲಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ನಿನ್ನ ಮುತ್ತಜ್ಜಿಯ ಕುಪ್ಪಸ ನೋಡ್ಕೋ. ಎಡಗೈಯಲ್ಲಿ ಮೀನಿನ ಬುಟ್ಟಿ ಹೊತ್ತು ಹೊತ್ತು ಅವರ ಭುಜ ಜಗ್ಗಿಹೋಗಿತ್ತು."

"ನನ್ನ ಭುಜ ಜಗ್ಗಿಲ್ವಲ್ಲ!"

"ಹಾಗಾದ್ರೆ ನೀನೂ ಬುಟ್ಟಿ ಹೊರು."

ಇದು ನನ್ನ ಅಕ್ಕ. ಹೊಟ್ಟೆಪಾಡಿಗೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾಳೆ. ಉಳಿದ ಹೊತ್ತೆಲ್ಲ ಅಜ್ಜಿ ಮುತ್ತಜ್ಜಿಯರ ಬಟ್ಟೆ ನೋಡಿಕೊಂಡು ಹಾಗೆಯೇ ಹೊಸದು ಹೊಲಿಯುತ್ತಾಳೆ. ಕರಾವಳಿಯ ಹೆಂಗಸರೆಲ್ಲ ಅಟ್ಟದ ಪೆಟ್ಟಿಗೆಗಳನ್ನು ಖಾಲಿ ಮಾಡಿ ಅವಳ ಮನೆಗೆ ತರುತ್ತಾರೆ: ಹಳದಿ ದಾರದ ಕಸೂತಿಯ ಕುಪ್ಪಸ, ಕಲ್ಲಿನಷ್ಟು ಭಾರದ ಕಪ್ಪು ಲಂಗ, ಹೆಂಗಸರು ತಲೆಗೆ ಕಟ್ಟುವ ಕುಲಾವಿಗಳು. ಯಾವುದೇ ಬಟ್ಟೆ ಬರಲಿ, ಅವಳು ಮೊದಲು ಅದರ ಒಳಮೈ ಹೊರಗೆ ಮಾಡುತ್ತಾಳೆ. ಹೊಲಿದವಳು ಎಲ್ಲಿ ದಣಿದಳು, ಎಲ್ಲಿ ದಾರ ಸಾಲದೆ ಬೇರೆ ಬಣ್ಣ ಹಾಕಿದಳು, ಎಲ್ಲಿ ಬಸಿರಾಗಿ ಹೊಲಿಗೆ ಬಿಚ್ಚಿ ಅಗಲ ಮಾಡಿದಳು, ಎಲ್ಲ ಓದಿಕೊಂಡು ಅದನ್ನೆಲ್ಲ ಹೊಸದರಲ್ಲೂ ಮಾಡುತ್ತಾಳೆ. ತೇಪೆಗೆ ತೇಪೆ. ಹುಳ ತಿಂದ ತೂತನ್ನು ಮಾತ್ರ ಬಿಡುತ್ತಾಳೆ. ಅದು ಹುಳದ ಕೆಲಸ, ಹೆಂಗಸಿನದಲ್ಲವಂತೆ. ಅಸಲನ್ನು ತಿದ್ದುವುದು ಎಂದರೆ ಅವಳಿಗೆ ಸತ್ತವರ ಬಾಯಿಗೆ ಮಾತು ತುರುಕಿದ ಹಾಗೆ.

ನಾನು ಕ್ಲೆತ್, ಅವಳ ತಮ್ಮ. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ದೋಣಿ ಹತ್ತಿದೆ, ಈಗ ಬಂದರಿನ ಅಟ್ಟವೊಂದರಲ್ಲಿ ಹರಿದ ಬಲೆ ಹೆಣೆದುಕೊಡುತ್ತೇನೆ. ನನಗೆ ಸಿಟ್ಟು ಜಾಸ್ತಿ ಎಂದು ಊರು ಹೇಳುತ್ತದೆ. ಊರಿಗೆ ಬುದ್ಧಿ ಕಡಿಮೆ ಎಂದು ನಾನು ಹೇಳುತ್ತೇನೆ. ಲೆಕ್ಕ ಸರಿಹೋಯಿತು. ಈಗ ಕಥೆಗೆ ಬರುತ್ತೇನೆ.

ನಮ್ಮ ಓಣಿಯ ಕೊನೆಯಲ್ಲಿ ಕೊರಂತೀನಜ್ಜಿಯ ಮನೆ. ತೊಂಬತ್ತು ದಾಟಿದವಳು, ಕಣ್ಣು ಮಂಜಾಗಿ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಆದರೂ ದಿನ ಬೆಳಗಾದರೆ ನಮ್ಮ ಸೀಮೆಯ ಆ ಎತ್ತರದ ಕುಲಾವಿಯನ್ನು, ಗಂಜಿ ಹಾಕಿದ ಬಿಳಿ ಜಾಲರಿಯ ಕೊಳವೆಯನ್ನು, ಯಾರ ಸಹಾಯವೂ ಇಲ್ಲದೆ ಬೆರಳಲ್ಲೇ ನೋಡಿಕೊಂಡು ತಲೆ ಮೇಲೆ ನಿಲ್ಲಿಸುತ್ತಾಳೆ. ಕಾರು ಹತ್ತಿದರೆ ದಾರಿಯುದ್ದಕ್ಕೂ ಕತ್ತು ಓರೆ ಮಾಡಿಕೊಂಡೇ ಕೂರಬೇಕು. ಪಡುವಣ ಗಾಳಿ ಬೀಸಿದರೆ ಹಾಯಿ ಬಿಚ್ಚಿದ ದೋಣಿಯ ಹಾಗೆ ವಾಲುತ್ತಾಳೆ, ಬೀಳುವುದಿಲ್ಲ.

ಆ ಕಾಲದ ಎಲ್ಲ ಹೆಂಗಸರ ಹಾಗೆ ಅವಳೂ ಕಪಾಟಿನ ಕೆಳಗಿನ ಖಾನೆಯಲ್ಲಿ ಮಣ್ಣಿಗೆ ಹೋಗುವ ಬಟ್ಟೆಯನ್ನು ಮಡಿಸಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅದನ್ನು ಒಗೆದು ಅಂಗಳದಲ್ಲಿ ಬಿಸಿಲಿಗೆ ಹಾಕುತ್ತಾಳೆ. "ಕೊರಂತೀನಜ್ಜಿಯ ಸಾವು ಒಣಗ್ತಾ ಇದೆ, ಮಳೆ ಬಂದ್ರೆ ಒಳಗೆ ಎತ್ತಿಡಿ," ಎಂದು ಓಣಿಯವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ.

ಅಂಥ ಒಂದು ಮೇ ತಿಂಗಳಲ್ಲಿ ಅಜೆಲೀನ್ ಸೈಕಲ್ಲಿನಲ್ಲಿ ಬರುತ್ತಿದ್ದಳು. ಹಗ್ಗದ ಮೇಲೆ ಕಪ್ಪು ಲಂಗ, ಕಪ್ಪು ಕುಪ್ಪಸ, ಅವುಗಳ ನಡುವೆ ಪಾರಿವಾಳದ ಹಾಗೆ ಒಂದು ಪುಟ್ಟ ಬಿಳಿ ಕುಲಾವಿ. ಅದನ್ನು ನೋಡುತ್ತ ನೋಡುತ್ತ ಅಕ್ಕ ಸೈಕಲ್ ಸಮೇತ ಅಜ್ಜಿಯ ಹೂವಿನ ಪೊದೆಗೆ ನುಗ್ಗಿದಳು.

"ಯಾರದು ನನ್ನ ಹೂವಿನ ಮೇಲೆ?" ಅಜ್ಜಿ ಬಾಗಿಲಿಂದಲೇ ಕೂಗಿದಳು. "ದನವೋ, ಮನುಷ್ಯರೋ?"

"ನಾನಜ್ಜೀ, ಅಜೆಲೀನ್. ಈ ಕುಲಾವಿ ಯಾರದು?"

"ನಮ್ಮಜ್ಜಿ ಮದುವೆದು. ಹೂ ಎಷ್ಟು ಮುರಿದೆ?"

ಅಕ್ಕನಿಗೆ ಹೂವು ಕಾಣುತ್ತಿರಲಿಲ್ಲ. ನಮ್ಮ ಕುಲಾವಿಗಳು ಆಕಾಶಕ್ಕೆ ಬೆಳೆಯುವ ಮೊದಲು, ಅಂಗೈಯಷ್ಟೇ ಎತ್ತರ ಇದ್ದ ಕಾಲದ್ದು ಅದು. ಹಿಂಭಾಗದ ನೆರಿಗೆಗಳನ್ನು ಹುಲ್ಲುಕಡ್ಡಿ ಸಿಕ್ಕಿಸಿ ಎಬ್ಬಿಸಿದ್ದರು, ಇಸ್ತ್ರಿಯಲ್ಲಲ್ಲ. ಅಂಥದ್ದು ಒಂದಿತ್ತಂತೆ ಎಂದು ಮುದುಕಿಯರ ಬಾಯಲ್ಲಿ ಕೇಳಿದ್ದಳೇ ಹೊರತು ಕಂಡಿರಲಿಲ್ಲ.

"ಅಜ್ಜೀ, ಇದನ್ನ ಏನ್ ಮಾಡ್ತೀರಿ?"

"ಹಾಕ್ಕೊಂಡು ಹೋಗ್ತೀನಿ."

"ಎಲ್ಲಿಗೆ?"

"ಎಲ್ಲಿಗೆ ಅಂತ ಕೇಳ್ತಾಳೆ! ಸಂತೆಗೆ ಕಣೇ."

ಅಕ್ಕ ಅಲ್ಲಿಂದ ನೇರ ನನ್ನ ಅಟ್ಟಕ್ಕೆ ಬಂದು ಬಲೆಯ ರಾಶಿ ಮೇಲೆ ಕುಸಿದು ಕೂತಳು. ಮೂಗು ಕೆಂಪಾಗಿತ್ತು.

"ತಮ್ಮಾ, ಅದನ್ನ ಹುಳಕ್ಕೆ ಹಾಕ್ತಾರಂತೆ."

"ಅವಳ ಕುಲಾವಿ, ಅವಳ ತಲೆ, ಅವಳ ಹುಳ. ನಿನಗೇನು?"

"ಕರಾವಳಿಗೆಲ್ಲ ಇರೋದು ಅದೊಂದೇ ಕಣೋ. ನಾನು ಅದನ್ನ ನೋಡಿ ಹತ್ತು ಹೊಲಿಬಹುದು. ಆದ್ರೆ ನಾನೇ ತಪ್ಪು ಹೊಲಿದ್ರೆ? ಅಸಲು ಮಣ್ಣಲ್ಲಿದ್ರೆ ನಾಳೆ ಬರೋರು ಯಾವುದನ್ನ ನೋಡಿ ನನ್ನ ತಪ್ಪು ತಿದ್ದಬೇಕು?"

ಇಂಥ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಬಲೆಯಿಂದ ಎಬ್ಬಿಸಿ ಕಳಿಸಿದೆ.

ಮಾರನೆಯ ದಿನ ಅವಳು ಬೆಣ್ಣೆ ರೊಟ್ಟಿ ಮಾಡಿಕೊಂಡು ಅಜ್ಜಿಯ ಮನೆಗೆ ಹೋದಳು. ಹೊರಲಿಕ್ಕೆ ನಾನೂ ಹೋಗಬೇಕಾಯಿತು. ಅವಳ ಬೆಣ್ಣೆ ರೊಟ್ಟಿ ಅಷ್ಟು ಭಾರ. ಅಜ್ಜಿ ಒಂದು ತುಂಡು ತಿಂದು, ಬೆರಳು ನೆಕ್ಕಿ, "ಉಪ್ಪು ಸಾಲದು," ಎಂದು ಇನ್ನೊಂದು ತುಂಡು ತೆಗೆದುಕೊಂಡಳು. ಆಮೇಲೆ ತಾನೇ ಮಾತು ತೆಗೆದಳು.

"ಕೊಡಲ್ಲ. ಯಾಕೆ ಅಂತ ಕೇಳು."

"ಯಾಕಜ್ಜೀ?"

"ನಮ್ಮಜ್ಜಿ ಹೋದಾಗ ನನ್ನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಈಗ ಯಾವ ಹಲ್ಲೂ ಇಲ್ಲ. ಈ ಮುಖ ಇಟ್ಕೊಂಡು ಅಲ್ಲಿಗೆ ಹೋದ್ರೆ ಅವಳಿಗೆ ನನ್ನ ಗುರುತು ಹೇಗೆ ಸಿಗುತ್ತೆ? ಈ ತಲೆ ಮೇಲಿನ ದೀಪಸ್ತಂಭ ನೋಡಿದ್ರೆ ಹೆದರ್ಕೊಂಡು ಬಾಗಿಲು ಹಾಕ್ಕೋತಾಳೆ, ಅವಳ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ತನ್ನ ಕುಲಾವಿ ಆದ್ರೆ ದೂರದಿಂದಲೇ ಕಂಡುಹಿಡೀತಾಳೆ."

ಅಕ್ಕ ತಲೆ ತಗ್ಗಿಸಿದಳು. ಸತ್ತವರ ಬಟ್ಟೆಯ ಮೇಲೆ ಬದುಕುವವಳಲ್ಲವೇ, ಅವರ ಹಕ್ಕು ಅವಳಿಗೆ ಗೊತ್ತು.

ಅಜ್ಜಿ ಸ್ವಲ್ಪ ಹೊತ್ತು ಬಾಯಲ್ಲಿ ರೊಟ್ಟಿ ಆಡಿಸಿದಳು. ಆಮೇಲೆ ಮುದುಕಿಯ ತುಟಿಯಂಚಿನಲ್ಲಿ ಕಿಡಿಗೇಡಿತನ ಬಂತು. "ನೀನು ಕೂದಲೆಳೆ ತಪ್ಪದ ಹಾಗೆ ಹೊಲಿತೀಯಂತಲ್ಲ, ಊರೆಲ್ಲ ಹೇಳುತ್ತೆ. ಒಂದು ಹೊಲಿ. ಎರಡನ್ನೂ ನನ್ನ ಕೈಗೆ ಕೊಡು. ನಮ್ಮಜ್ಜಿ ಮಡಿಲಲ್ಲಿ ಕೂತು ಈ ಕುಲಾವಿ ಜಗ್ಗಿ ಜಗ್ಗಿ ಬೈಸಿಕೊಂಡ ಕೈ ಇದು. ನನ್ನ ಬೆರಳಿಗೇ ಗೊತ್ತಾಗದಿದ್ರೆ ಅವಳ ಕಣ್ಣಿಗೂ ಗೊತ್ತಾಗಲ್ಲ. ಹೊಸದು ನನಗೆ, ಹಳೇದು ನಿನಗೆ."

"ಆಗಲಿ ಅಜ್ಜೀ!"

"ತಾಳು. ಅಲ್ಲಿವರೆಗೂ ಹಳೇದು ಈ ಮನೆ ಹೊಸ್ತಿಲು ದಾಟೋ ಹಾಗಿಲ್ಲ. ಹೊಲಿಗೆ ಬಿಚ್ಚೋ ಹಾಗಿಲ್ಲ. ಕತ್ತರಿ ತಂದ್ರೆ ನಿನ್ನನ್ನೇ ಹಗ್ಗಕ್ಕೆ ಹಾಕ್ತೀನಿ."

ಆ ಬೇಸಿಗೆಯೆಲ್ಲ ಅಕ್ಕ ಅಜ್ಜಿಯ ಅಡುಗೆಮನೆಯ ಕಿಟಕಿಯಲ್ಲಿ ಕೂತಳು. ಅಳತೆಪಟ್ಟಿ ಹಳೆಯ ಬಟ್ಟೆಗೆ ಸುಳ್ಳು ಹೇಳುತ್ತದೆ ಎಂದು ದಾರಕ್ಕೆ ಗಂಟು ಹಾಕಿ ಅಳೆದಳು. ಒಳಗಿನ ಹೊಲಿಗೆ ಕಾಣಲೆಂದು ಕುಲಾವಿಯೊಳಗೆ ಟಾರ್ಚು ಇಟ್ಟಳು. ಎಡಕ್ಕಿಂತ ಬಲಕ್ಕೆ ನೆರಿಗೆ ಒಂದು ಕಡಿಮೆ. ಅದನ್ನೂ ಕಡಿಮೆಯೇ ಮಾಡಿದಳು. ಅಂಗಡಿಯ ಬಟ್ಟೆ ಯಾವುದೂ ಹೊಂದಲಿಲ್ಲ. ಕೊನೆಗೆ ಒಂದು ದಿನ ನಮ್ಮಮ್ಮನ ನಾರುಬಟ್ಟೆಯ ಹಾಸು ಕತ್ತರಿಸಿದ್ದು ನೋಡಿ ನನ್ನ ರಕ್ತ ಕುದಿಯಿತು.

"ಅಕ್ಕಾ! ಆ ಹಾಸಿನ ಮೇಲೆ ಕಣೇ ನಾನು ಹುಟ್ಟಿದ್ದು!"

"ಗೊತ್ತು. ಆ ಮೂಲೆ ಬಿಟ್ಟು ಕತ್ತರಿಸಿದೀನಿ."

ಚಳಿಗಾಲದ ಹೊಸ್ತಿಲಲ್ಲಿ ಕುಲಾವಿ ಮುಗಿಯಿತು. ಅಜ್ಜಿಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನಗಂತೂ ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಅಜ್ಜಿ ಕೈ ತೊಳೆದುಕೊಂಡು ಬಂದಳು, ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು.

"ಇದು ಹೊಸದು. ಹೊಲಿಗೆ ಸರಿಯಾಗಿದೆ, ಪಾಪ. ಆದ್ರೆ ಇದು ಇನ್ನೂ ಯಾರ ಬೆವರೂ ಕುಡಿದಿಲ್ಲ, ಯಾರ ತಲೆ ಮೇಲೂ ಕೂತಿಲ್ಲ. ಕನ್ಯೆ."

ಅಕ್ಕ ಹೊಸ ಕುಲಾವಿಯನ್ನು ಮಡಿಸಿಕೊಂಡು ಹೊರಟಳು. ಮನೆ ಬಾಗಿಲಲ್ಲಿ ನಿಂತು ನನ್ನ ತಲೆಯನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಅಮ್ಮನ ಹಾಸನ್ನೂ ಹೀಗೇ ನೋಡಿದ್ದಳು.

"ಬೇಡ," ಎಂದೆ.

"ನಾನಿನ್ನೂ ಏನೂ ಹೇಳಿಲ್ಲ."

"ಹೇಳಬೇಡ. ನಿನ್ನ ತಲೆ ಇಲ್ವಾ?"

"ನನ್ನದು ಗೋಲಿ ಗಾತ್ರ. ಕೊರಂತೀನಜ್ಜಿಯ ಅಜ್ಜಿಗೆ ಮೊಣಕಾಲುದ್ದ ಕೂದಲಿತ್ತಂತೆ, ಸುತ್ತಿ ಕಟ್ಟಿದ್ರೆ ಕುಂಬಳಕಾಯಿ. ಈ ಓಣೀಲಿ ಅಂಥ ತಲೆ ಇರೋದು ನಿನಗೊಬ್ಬನಿಗೇ. ಕೂದಲೂ ಇಲ್ಲ, ನುಣ್ಣಗಿದೆ. ಬೆವರೂ ಚೆನ್ನಾಗಿ ಬರುತ್ತೆ, ಯಾವಾಗಲೂ ಸಿಟ್ಟಲ್ಲಿರ್ತೀಯ."

ನಾನು ಬಾಗಿಲು ಬಡಿದು ಹೋದೆ. ಮೂರನೆಯ ದಿನ ವಾಪಸು ಬಂದೆ. ಅವಳು ಆಲೂಗಡ್ಡೆ ಸುಲಿದು ಬಂದ ಕೈಯಲ್ಲೇ ಸೂಜಿ ಹಿಡಿದು ಕೂತಿದ್ದನ್ನು ಕಿಟಕಿಯಿಂದ ನೋಡಿದೆ, ಅಷ್ಟೇ. ನನ್ನ ಷರತ್ತು ಒಂದೇ: ಅಟ್ಟದಲ್ಲಿ ಒಬ್ಬನೇ ಇದ್ದಾಗ ಮಾತ್ರ ಹಾಕಿಕೊಳ್ಳುತ್ತೇನೆ, ಅದನ್ನು ಯಾರೂ ನೋಡಕೂಡದು, ಅವಳೂ ಕೂಡ. ಅವಳು ಒಪ್ಪಿದಳು. ಎದುರಿಗೆ ನಿಂತು, ತನ್ನ ತಲೆಗೆ ಒಂದು ಹಳೆಯ ಕುಲಾವಿ ಹಾಕಿಕೊಂಡು, ಎರಡು ಲಾಡಿಗಳನ್ನು ಗಲ್ಲದ ಕೆಳಗೆ ತಂದು ಕಿವಿಯ ಕೆಳಗೆ ಗಂಟು ಹಾಕುವುದು ಹೇಗೆಂದು ತೋರಿಸಿಕೊಟ್ಟಳು. "ಗಂಟು ಹಾಕೋದು ನನಗೆ ಹೇಳಿಕೊಡ್ತೀಯಾ?" ಎಂದೆ. ಬದುಕೆಲ್ಲ ಬಲೆಗೆ ಗಂಟು ಹಾಕಿದ ಕೈ ನನ್ನದು.

ಹೀಗೆ ಆ ಚಳಿಗಾಲ ನಾನು ಮದುಮಗಳ ಕುಲಾವಿ ತೊಟ್ಟು ಬಲೆ ಹೆಣೆದೆ. ಒಳಗಿಂದ ಅಗುಳಿ ಹಾಕಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಕಿವಿ ಬೆಚ್ಚಗಿರುತ್ತಿತ್ತು. ಶನಿವಾರ ಅಕ್ಕ ಒಯ್ದು ಒಗೆದು, ಗಂಜಿ ಹಾಕಿ, ಹುಲ್ಲುಕಡ್ಡಿ ಸಿಕ್ಕಿಸಿ ನೆರಿಗೆ ಎಬ್ಬಿಸಿ ಸೋಮವಾರಕ್ಕೆ ಕೊಡುತ್ತಿದ್ದಳು.

ಅಗುಳಿ ಮರೆತದ್ದು ಒಂದೇ ಸಲ. ಮೀನು ಹರಾಜಿನಲ್ಲಿ ತೂಕ ಹಾಕುವ ಹೆರ್ಲೆ ಒಳಗೆ ಬಂದ. ನಾನು ತಲೆ ತಗ್ಗಿಸಿ ಬಲೆಯೊಳಗೆ ಕೈ ಹಾಕಿದ್ದೆ. ಅವನು ಬಾಗಿಲಲ್ಲೇ ಟೋಪಿ ತೆಗೆದ.

"ಕ್ಷಮಿಸಮ್ಮಾ, ಕ್ಲೆತ್ ಇಲ್ವಾ?"

ನಾನು ತಿರುಗಿದೆ.

ಹೆರ್ಲೆ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅಯ್ಯೋ ದೇವರೇ! ಮದುವೆ ಯಾವಾಗ ತಾಯೀ? ಗಂಡು ಯಾರು?"

ಕೈಗೆ ಸಿಕ್ಕ, ಬಲೆಗೆ ಕಟ್ಟುವ ಸೀಸದ ಗುಂಡನ್ನು ಬೀಸಿದೆ. ಗುರಿ ತಪ್ಪಿತು. ಕುಲಾವಿ ಕಣ್ಣಿಗೆ ಅಡ್ಡ ಬರುತ್ತದೆ, ಹಿಂದಿನ ಹೆಂಗಸರು ಗಂಡಂದಿರಿಗೆ ಹೇಗೆ ಗುರಿಯಿಟ್ಟು ಹೊಡೆಯುತ್ತಿದ್ದರೋ. ಸಂಜೆಯೊಳಗೆ ಬಂದರಿನಲ್ಲಿ ನನ್ನ ಹೆಸರು 'ಮದುಮಗಳು' ಎಂದಾಯಿತು. ದೋಣಿಯವರು ಬಲೆ ಕೊಡಲು ಬಂದರೆ ಮೊದಲು ಬಾಗಿಲು ತಟ್ಟಿ, "ಒಳಗೆ ಬರಬಹುದಾ ತಾಯೀ?" ಎಂದು ಕೇಳುವರು. ಇಬ್ಬರೊಂದಿಗೆ ಜಗಳವಾಯಿತು, ಒಬ್ಬನ ಊಟದ ಡಬ್ಬಿ ನೀರಿಗೆ ಹೋಯಿತು. ಕುಲಾವಿ ಮಾತ್ರ ತೆಗೆಯಲಿಲ್ಲ. ಅವರು ನಕ್ಕಷ್ಟೂ ನನಗೆ ಬೆವರು ಬಂತು, ಬೆವರು ಬಂದಷ್ಟೂ ಅಕ್ಕನ ಕೆಲಸ ಆಯಿತು.

ಫೆಬ್ರವರಿಯ ಕ್ರೆಪ್ ಹಬ್ಬದ ದಿನ, ಮನೆಮನೆಯಲ್ಲೂ ಕಾಗದದಷ್ಟು ತೆಳುವಾದ ದೋಸೆ ಹುಯ್ಯುವ ದಿನ, ಮತ್ತೆ ಅಜ್ಜಿಯ ಮನೆಗೆ ಹೋದೆವು. ಅಜ್ಜಿ ಹಂಚಿನ ಮುಂದೆ ನಿಂತು ಹಿಟ್ಟು ಹರಡುತ್ತಿದ್ದಳು. ಕಣ್ಣು ಕಾಣದಿದ್ದರೂ ಅವಳ ಕ್ರೆಪ್ಪಿನಲ್ಲಿ ಒಂದು ತೂತಿಲ್ಲ. ನಮಗೆ ಬಡಿಸಿ, ಕೈ ಒರೆಸಿಕೊಂಡು, "ಕೊಡಿ," ಎಂದಳು.

ಈ ಸಲ ತಟ್ಟನೆ ಹೇಳಲಿಲ್ಲ. ಬೆರಳು ನೆರಿಗೆಗಳ ಮೇಲೆ ಹೋಯಿತು, ಎಡ ಎಣಿಸಿತು, ಬಲ ಎಣಿಸಿತು. ಅಂಚು ಹಿಂಡಿ ನೋಡಿದಳು. ಮೂಗಿಗೆ ಹಿಡಿದಳು. ಎರಡನ್ನೂ ಅದಲು ಬದಲು ಮಾಡಿ ಮತ್ತೆ ಹಿಡಿದಳು. ಅಕ್ಕನ ತಟ್ಟೆಯಲ್ಲಿ ಕ್ರೆಪ್ ತಣ್ಣಗಾಯಿತು. ಅಜ್ಜಿಯ ಹುಬ್ಬು ಗಂಟಾಗಿತ್ತು. ಅವಳಿಗೆ ಗೊತ್ತಾಗುತ್ತಿಲ್ಲ, ಅದು ಎದ್ದು ಕಾಣುತ್ತಿತ್ತು. ನಾನು ಮೇಜಿನ ಕೆಳಗೆ ಅಕ್ಕನ ಕಾಲು ತುಳಿದೆ, ಅವಳು ನನ್ನ ಕಾಲು ತುಳಿದಳು.

ಕೊನೆಗೆ ಅಜ್ಜಿಯ ಕೈ ಲಾಡಿಗಳ ಮೇಲೆ ಇಳಿಯಿತು. ಒಂದು ಕುಲಾವಿಯ ಲಾಡಿ, ಇನ್ನೊಂದರ ಲಾಡಿ. ಮತ್ತೆ ಮೊದಲನೆಯದು. ಬೆರಳು ನಿಂತಿತು.

"ಅಜೆಲೀನ್."

"ಏನಜ್ಜೀ?"

"ನಮ್ಮ ಹೆಂಗಸರು ಗಂಟು ಎಲ್ಲಿ ಹಾಕ್ತಾರೆ?"

"ಎಡಗಿವಿ ಕೆಳಗೆ. ಅದು ಹಾಲು ಕುಡಿಯೋ ಮಗೂಗೂ ಗೊತ್ತು."

"ಹಾಗಾದ್ರೆ ಎಡ ಲಾಡಿ ಕಿವಿ ಹತ್ತಿರ ಸವೆಯುತ್ತೆ. ಬಲ ಲಾಡಿ ಗಲ್ಲ ದಾಟಿ ಆಚೆ ಸವೆಯುತ್ತೆ. ಅಲ್ವಾ? ಇದರಲ್ಲಿ ಬಲ ಲಾಡಿ ಕಿವಿ ಹತ್ತಿರ ಮೆತ್ತಗಾಗಿದೆ. ಯಾರು ಇದನ್ನ ಬಲಗಡೆ ಕಟ್ಟಿದೋರು?"

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳು ಎದುರಿಗೆ ನಿಂತು ಎಡಗಡೆ ಕಟ್ಟಿ ತೋರಿಸಿದ್ದಳು. ನಾನು ಕನ್ನಡಿ ನೋಡಿದ ಹಾಗೆ ಅದೇ ಕಡೆಗೆ, ಅಂದರೆ ನನ್ನ ಬಲಕ್ಕೆ, ಕಟ್ಟಿಕೊಂಡಿದ್ದೆ. ನಮ್ಮ ಸೀಮೆಯಲ್ಲಿ ಹೆಣ್ಣಾಗಿ ಹುಟ್ಟಿದ ಯಾರೂ ಮಾಡದ ತಪ್ಪು.

"ಲೇ... ಬಲೆ ಹೆಣೆಯೋನೇ!"

"ನೀನು ಎದುರಿಗೆ ಯಾಕೆ ನಿಂತೆ? ಪಕ್ಕದಲ್ಲಿ ನಿಲ್ಲಬೇಕಿತ್ತು!"

"ಎಡಗಿವಿ ಯಾವುದು ಅಂತ ಗೊತ್ತಿಲ್ವೇನೋ ನಿನಗೆ?"

"ನೀನು 'ಕಿವಿ ಕೆಳಗೆ' ಅಂದೆ, ಎರಡಿವೆ ನನಗೆ!"

ನಮ್ಮ ಜಗಳದ ನಡುವೆ ಒಂದು ವಿಚಿತ್ರ ಸದ್ದು ಕೇಳಿತು. ಅಜ್ಜಿ ನಗುತ್ತಿದ್ದಳು. ಹಲ್ಲಿಲ್ಲದ ಬಾಯಿ ತೆರೆದು, ತಲೆ ಮೇಲಿನ ದೀಪಸ್ತಂಭ ಅಲ್ಲಾಡುವ ಹಾಗೆ, ಕಣ್ಣಲ್ಲಿ ನೀರು ಸುರಿಸಿಕೊಂಡು.

"ಕ್ಲೆತ್ ಹಾಕ್ಕೊಂಡಿದ್ನಾ? ಆ ಸಿಡುಕನಾ? ನಮ್ಮಜ್ಜಿ ಮದುವೆ ಕುಲಾವೀನಾ? ಬಾ ಇಲ್ಲಿ. ಹಾಕ್ಕೋ."

"ಹಾಕ್ಕೊಳಲ್ಲ."

"ಹಾಕ್ಕೋ ಅಂದೆ."

ಹಾಕಿಕೊಂಡೆ. ಅಜ್ಜಿ ಎರಡೂ ಕೈಯಿಂದ ನನ್ನ ಮುಖ ತಡವಿದಳು: ಗಡ್ಡ, ಮುರಿದ ಮೂಗು, ಅದರ ಮೇಲೆ ಕುಲಾವಿಯ ಅಂಚು. ಮತ್ತೆ ನಗು ಶುರುವಾಯಿತು. ಅಕ್ಕ ನಗಲಿಲ್ಲ. ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಹಳೆಯ ಕುಲಾವಿಯನ್ನೇ ನೋಡುತ್ತಿದ್ದಳು, ದೋಣಿ ಹತ್ತಿದ ಗಂಡನನ್ನು ದಡದಿಂದ ನೋಡುವ ಹಾಗೆ.

"ಸೋತೆ ಅಜ್ಜೀ," ಎಂದಳು. "ನಿಮ್ಮದು ನಿಮಗೇ."

ಅಜ್ಜಿ ಕಣ್ಣೊರೆಸಿಕೊಂಡಳು. "ಹೌದು ಸೋತೆ. ಆದ್ರೆ ನನಗೀಗ ಬೇರೆ ಯೋಚನೆ ಬಂದಿದೆ. ಹಳೇದು ಹಾಕ್ಕೊಂಡು ಹೋದ್ರೆ ನಮ್ಮಜ್ಜಿ ಏನಂತಾಳೆ? 'ಓ, ನನ್ನ ಕುಲಾವಿ ತಂದ್ಯಾ, ಇಟ್ಟು ಹೋಗು' ಅಂತಾಳೆ. ಮುಗೀತು. ಇದನ್ನ ಹಾಕ್ಕೊಂಡು ಹೋದ್ರೆ 'ಇದು ನನ್ನದಲ್ವಲ್ಲೇ' ಅಂತಾಳೆ. ಆಗ ನಾನು ಕೂತ್ಕೊಂಡು ಹೇಳ್ಬೇಕು, ಆಲೂಗಡ್ಡೆ ಸುಲಿಯೋಳೊಬ್ಬಳು ಹೊಲಿದದ್ದು, ಬೋಡುತಲೆಯ ಬಲೆಗಾರನೊಬ್ಬ ಚಳಿಗಾಲವೆಲ್ಲ ಹೊತ್ತದ್ದು, ಬಂದರೆಲ್ಲ ಅವನನ್ನ ಮದುಮಗಳು ಅಂದದ್ದು. ಅಷ್ಟು ವರ್ಷ ಆದ್ಮೇಲೆ ಬರಿಗೈಲಿ ಹೋಗೋಕಾಗುತ್ತಾ? ಒಂದು ಕಥೆ ಬೇಡವಾ?"

ಅಕ್ಕನ ಕೈ ಹಳೆಯ ಕುಲಾವಿಯ ಕಡೆ ಚಾಚಿತು.

"ಆದ್ರೆ ಗಂಟು ಎಡಗಡೆ ಸವೀಬೇಕು," ಎಂದಳು ಅಜ್ಜಿ ಬೆರಳೆತ್ತಿ. "ಬಲಗಡೆ ಗಂಟು ಹಾಕ್ಕೊಂಡು ನಾನು ಎಲ್ಲಿಗೂ ಹೋಗಲ್ಲ, ಮಾನ ಇದೆ ನನಗೆ. ಎಡ ಲಾಡಿ ಕಿವಿ ಹತ್ತಿರ ಮೆತ್ತಗಾಗೋವರೆಗೂ ನಾನು ಹೊರಡೋದಿಲ್ಲ. ಆದ ದಿನ ಹಳೇದು ನಿನ್ನ ಮನೆಗೆ, ನಾನು ನನ್ನ ಮನೆಗೆ. ಏ ಮದುಮಗಳೇ, ಕೇಳಿಸ್ತಾ?"

ಕೇಳಿಸಿತು. ಮಾರನೆಯ ದಿನದಿಂದ ಎಡಗಿವಿಯ ಕೆಳಗೆ ಕಟ್ಟಿಕೊಳ್ಳುತ್ತಿದ್ದೇನೆ. ಈಗ ಅಗುಳಿ ಹಾಕುವುದಿಲ್ಲ. ನಗುವವರು ನಕ್ಕು ದಣಿದಿದ್ದಾರೆ. ಹೆರ್ಲೆಯಂತೂ ಕುಲಾವಿ ಇಲ್ಲದಿದ್ದರೆ ಹುಷಾರಿಲ್ಲವಾ ಎಂದು ಕೇಳುತ್ತಾನೆ. ಗಂಟನ್ನು ಬಿಗಿಯಾಗಿ ಎಳೆಯುವುದು ಮಾತ್ರ ಬಿಟ್ಟಿದ್ದೇನೆ. ಮೆಲ್ಲಗೆ, ಲಾಡಿಗೆ ನೋವಾಗದ ಹಾಗೆ ಕಟ್ಟುತ್ತೇನೆ. ಇಂಥ ಗಂಟು ಹಾಕಿದ ಬಲೆಯಲ್ಲಿ ಒಂದು ಬಂಗಡೆಯೂ ನಿಲ್ಲದು. ಹೀಗೇಕೆ ಎಂದು ನನ್ನನ್ನು ಕೇಳಬೇಡಿ, ಸಿಟ್ಟು ಬರುತ್ತದೆ.

ಆದರೂ ಬಟ್ಟೆ ಬಟ್ಟೆಯೇ. ಎಷ್ಟು ಮೆಲ್ಲಗೆ ಕಟ್ಟಿದರೂ ಸವೆಯಬೇಕು. ಎರಡು ಚಳಿಗಾಲ ಕಳೆದರೂ ಸವೆದಿರಲಿಲ್ಲ. ಯಾಕಿರಬಹುದೆಂದು ತಲೆ ಕೆರೆದುಕೊಂಡೆ, ಕುಲಾವಿಯ ಮೇಲಿಂದಲೇ.

ಹೋದ ಶನಿವಾರ ಗೊತ್ತಾಯಿತು. ಸಿಗಡಿ ಕೊಡಲೆಂದು ಅಕ್ಕನ ಮನೆಯ ಹಿಂಬಾಗಿಲಿಂದ ಹೋದೆ. ಕುಲಾವಿ ಮೇಜಿನ ಮೇಲಿತ್ತು, ನೆರಿಗೆಯಲ್ಲಿ ಹುಲ್ಲುಕಡ್ಡಿಗಳು. ಅಕ್ಕ ಒಂದು ಸಣ್ಣ ಬಟ್ಟಲಿನ ದಪ್ಪ ಗಂಜಿಯಲ್ಲಿ ಬೆರಳದ್ದಿ, ಎಡ ಲಾಡಿಯ ಒಂದೇ ಒಂದು ಜಾಗಕ್ಕೆ, ಕಿವಿಯ ಹತ್ತಿರ ಗಂಟು ಬೀಳುವ ಜಾಗಕ್ಕೆ, ಸವರುತ್ತಿದ್ದಳು. ಸವರಿ ಊದಿದಳು. ಇನ್ನೊಂದು ಸಲ ಸವರಿದಳು. ಸತ್ತವರ ತೇಪೆಯನ್ನೂ ತಿದ್ದದ ಹೆಂಗಸು, ಅಸಲಿನಲ್ಲಿ ಇಲ್ಲದ ಗಡಸನ್ನು ತನ್ನ ಕೈಯಾರೆ ಹಾಕುತ್ತಿದ್ದಳು. ಅಷ್ಟು ಆಸೆಪಟ್ಟ ಆ ಹಳೆಯ ಕುಲಾವಿಯನ್ನು ವಾರವಾರವೂ ಇನ್ನಷ್ಟು ದೂರ ತಳ್ಳುತ್ತಿದ್ದಳು.

ನನ್ನನ್ನು ನೋಡಿ ಬಟ್ಟಲಿನ ಮೇಲೆ ಟವೆಲು ಎಳೆದಳು.

"ಏನದು?"

"ಏನೂ ಇಲ್ಲ. ಸಿಗಡಿ ತೊಟ್ಟೀಲಿ ಹಾಕು."

ಹಾಕಿದೆ. ಸಂಜೆ ಇಬ್ಬರೂ ಕೂಡಿ ಕುಲಾವಿಯನ್ನು ಅಜ್ಜಿಗೆ ತೋರಿಸಲು ಒಯ್ದೆವು. ಅಜ್ಜಿ ಲಾಡಿಯನ್ನು ಬೆರಳ ನಡುವೆ ಹಿಡಿದು ಮೇಲೆ ಕೆಳಗೆ ಎಳೆದಳು. ಆ ಜಾಗ ಬಂದಾಗ ನಿಲ್ಲಿಸಿ, ಮೂಗಿಗೆ ಹಿಡಿದು ದೀರ್ಘವಾಗಿ ಮೂಸಿದಳು. ಹಸಿ ಗಂಜಿಯ ವಾಸನೆ ನನ್ನ ತನಕ ಬರುತ್ತಿತ್ತು. ಅಕ್ಕ ಚಾವಣಿ ನೋಡುತ್ತಿದ್ದಳು.

"ಇನ್ನೂ ಗಡಸಾಗೇ ಇದೆ," ಎಂದಳು ಅಜ್ಜಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. "ನಿಮ್ಮಮ್ಮನ ಹಾಸು ಗಟ್ಟಿ ಕಣ್ರೋ. ಕೂತ್ಕೊಳ್ಳಿ, ಕಾಫಿ ಇಡ್ತೀನಿ."